ಸಾವಿರದೈನೂರರ ಲೆಕ್ಕ ಕೇಳುವವರು

ಸಾಯನ್ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದರೆ ಧಾರಾವಿಯ ದಾರಿಯನ್ನು ಯಾರನ್ನೂ ಕೇಳಬೇಕಿಲ್ಲ. ಜನ ಹೋಗುವ ಕಡೆಗೇ ಕಾಲೂ ಹೋಗುತ್ತದೆ. ಮಧ್ಯ ರೈಲ್ವೆಯ ಸಾಯನ್, ಪಶ್ಚಿಮ ರೈಲ್ವೆಯ ಮಾಹಿಮ್, ಇವೆರಡರ ನಡುವಿನ ಎರಡು ಚದರ ಕಿಲೋಮೀಟರು ಚಿಲ್ಲರೆ ನೆಲದಲ್ಲಿ ಗುಜರಾತಿನ ಕುಂಬಾರರು, ತಿರುನಲ್ವೇಲಿಯ ತಮಿಳರು, ಉತ್ತರ ಪ್ರದೇಶದ ತೊಗಲಿನ ಕಾರಿಗರು, ಜೊತೆಗೆ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ನಮ್ಮವರು. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ದಾದರಿನಲ್ಲಿ ಇಳಿದವರ ಎರಡನೆಯ, ಮೂರನೆಯ ತಲೆಮಾರು ಇಲ್ಲಿ ಖೋಲಿ ಹಿಡಿದು ಕೂತಿದೆ. ಗಂಡಸರು ಬೆಳಿಗ್ಗೆ ನಾಕಾದಲ್ಲಿ ನಿಂತು ಕೂಲಿಗೆ ಹೋಗುತ್ತಾರೆ, ಹೆಂಗಸರು ಮಾಟುಂಗಾ, ಸಾಯನ್ ಕಡೆಯ ಫ್ಲ್ಯಾಟುಗಳಲ್ಲಿ ಪಾತ್ರೆ ಬಟ್ಟೆ ಮಾಡುತ್ತಾರೆ.

ಧಾರಾವಿ ನೋಡಲು ಬರುವವರು ಸಾಮಾನ್ಯವಾಗಿ ತೊಗಲಿನ ಅಂಗಡಿ, ಕುಂಬಾರವಾಡೆಯ ಭಟ್ಟಿ, ತೇರಾ ಕಂಪೌಂಡಿನ ಪ್ಲಾಸ್ಟಿಕ್ ರಾಶಿ ನೋಡಿ ಹಿಂತಿರುಗುತ್ತಾರೆ. ನನಗೆ ನೋಡಬೇಕಿದ್ದದ್ದು ಬೇರೆ: ಸರಕಾರ ತಿಂಗಳಿಗೆ ಕೊಡುವ 1,500 ರೂಪಾಯಿ ಈ ಗಲ್ಲಿಗಳಲ್ಲಿ ಯಾವ ದಾರಿಯಾಗಿ ಒಬ್ಬ ತಾಯಿಯ ಕೈಗೆ ಬರುತ್ತದೆ, ಬಂದ ಮೇಲೆ ಅವಳ ಬಗ್ಗೆ ಯಾರು ಯಾರು ಏನು ಮಾತಾಡುತ್ತಾರೆ ಎಂಬುದು.

ಝೆರಾಕ್ಸ್ ಅಂಗಡಿ

ಆ ದಾರಿ ಶುರುವಾಗುವುದು ಝೆರಾಕ್ಸ್ ಅಂಗಡಿಯಲ್ಲಿ. 60 ಫೀಟ್ ರೋಡಿನಿಂದ ಒಳಗೆ ತಿರುಗಿದರೆ ಇಂಥವು ಹಲವು. ಒಂದು ಕಂಪ್ಯೂಟರ್, ಒಂದು ಯಂತ್ರ, ಗೋಡೆಗೆ ಅಂಟಿಸಿದ ಯೋಜನೆಗಳ ಪಟ್ಟಿ. ಈ 1,500ರ ಮುಖ್ಯಮಂತ್ರಿ ಮಾಝಿ ಲಾಡ್ಕಿ ಬಹೀಣ್ ಯೋಜನೆಯನ್ನು ಆಗಿನ ಹಣಕಾಸು ಸಚಿವ ಅಜಿತ್ ಪವಾರ್ 2024ರ ಜೂನ್ 28ರ ಬಜೆಟ್ಟಿನಲ್ಲಿ ಪ್ರಕಟಿಸಿದಾಗ ಇಂಥ ಅಂಗಡಿಗಳ ಮುಂದೆ ಸಾಲು ನಿಂತಿತು. 21ರಿಂದ 65 ವರ್ಷದ ಹೆಂಗಸು, ಕುಟುಂಬದ ವರಮಾನ ವರ್ಷಕ್ಕೆ ಎರಡೂವರೆ ಲಕ್ಷದೊಳಗೆ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ. ಕೇಳಲು ಸರಳ. ಆದರೆ ಮಹಾರಾಷ್ಟ್ರದ ನಿವಾಸಿ ಎನ್ನುವುದಕ್ಕೆ ಡೊಮಿಸೈಲ್ ಪತ್ರ ಬೇಕು. ಅದಿಲ್ಲದಿದ್ದರೆ 15 ವರ್ಷ ಹಳೆಯ ರೇಶನ್ ಕಾರ್ಡೋ ಮತದಾರರ ಚೀಟಿಯೋ, ಶಾಲೆ ಬಿಟ್ಟ ದಾಖಲೆಯೋ, ಜನ್ಮ ದಾಖಲೆಯೋ ತರಬೇಕು.

ಬಾಡಿಗೆಯ ಖೋಲಿಯಲ್ಲಿ ಇರುವವರಿಗೆ ಇದೇ ದೊಡ್ಡ ಗಂಟು. ಮುಂಬಯಿಯ ಬಾಡಿಗೆ ಕರಾರು 11 ತಿಂಗಳಿನದು. ಗಲ್ಲಿಯಿಂದ ಗಲ್ಲಿಗೆ ಸರಿಯುತ್ತ ಇಪ್ಪತ್ತು ವರ್ಷ ಇದೇ ಊರಿನಲ್ಲಿ ಕಳೆದರೂ ಕಾಗದದ ಮೇಲೆ ಒಂದೇ ವಿಳಾಸ ನಿಲ್ಲುವುದಿಲ್ಲ. ಹೊರರಾಜ್ಯದಲ್ಲಿ ಹುಟ್ಟಿ ಇಲ್ಲಿಯವನನ್ನು ಮದುವೆಯಾದವಳಿಗೆ ಗಂಡನ ದಾಖಲೆ ನಡೆಯುತ್ತದೆ ಎಂಬ ನಿಯಮವೂ ಇದೆ. ಆಳಂದದಲ್ಲೋ ಸೇಡಂನಲ್ಲೋ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದವಳ ಪಾಲಿಗೆ ಅದೊಂದೇ ಬಾಗಿಲು. ಕೊನೆಗೆ ಹಮೀಪತ್ರ: ನಮ್ಮ ಮನೆಯಲ್ಲಿ ಆದಾಯ ತೆರಿಗೆ ಕಟ್ಟುವವರಿಲ್ಲ, ಸರಕಾರಿ ನೌಕರರಿಲ್ಲ, ಟ್ರ್ಯಾಕ್ಟರ್ ಬಿಟ್ಟು ನಾಲ್ಕು ಚಕ್ರದ ವಾಹನವಿಲ್ಲ, ಬೇರೆ ಯೋಜನೆಯಿಂದ 1,500 ಅಥವಾ ಹೆಚ್ಚು ಬರುತ್ತಿಲ್ಲ. ಇಷ್ಟಕ್ಕೂ ತಾನೇ ಆಣೆ ಇಟ್ಟಂತೆ ಸಹಿ.

2024ರ ಆಗಸ್ಟಿನಲ್ಲಿ, ರಕ್ಷಾಬಂಧನದ ಹೊತ್ತಿಗೆ, ಜುಲೈ ಮತ್ತು ಆಗಸ್ಟಿನ ಹಪ್ತಾ ಕೂಡಿ 3,000 ಜಮೆಯಾಯಿತು. ಕೆಲವರ ಖಾತೆಯಲ್ಲಿ ಬ್ಯಾಂಕುಗಳು ಮಿನಿಮಮ್ ಬ್ಯಾಲೆನ್ಸಿನ ಹಳೆಯ ದಂಡವನ್ನು ಮೊದಲು ಹಿಡಿದುಕೊಂಡವು. ಹಾಗೆ ಮಾಡಬೇಡಿ ಎಂದು ಸರಕಾರವೇ ಹೇಳಬೇಕಾಯಿತು.

ಅಂಗನವಾಡಿಯ ಹೊಸ್ತಿಲು

ಗಲ್ಲಿ ಸಪೂರವಾಗುತ್ತ ಹೋದಂತೆ ಮೇಲಿನ ತಗಡುಗಳು ಒಂದನ್ನೊಂದು ಮುಟ್ಟುತ್ತವೆ. ಅಂಥದ್ದೊಂದು ತಿರುವಿನಲ್ಲಿ ಒಂದೇ ಕೋಣೆಯ ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಮಹಾರಾಷ್ಟ್ರದಲ್ಲಿ ಆರಿಸಿದ ಮೊದಲ ಜಾಗಗಳು ಮೇಳಘಾಟಿನ ಧಾರಣಿ ಮತ್ತು ಮುಂಬಯಿಯ ಧಾರಾವಿ. ಅಂದರೆ ಇಲ್ಲಿಯ ತಾಯಂದಿರು ಸರಕಾರದ ತಕ್ಕಡಿಗೆ ಮಕ್ಕಳನ್ನು ಕೂರಿಸಲು ಶುರುಮಾಡಿ ಅರ್ಧ ಶತಮಾನ ಆಯಿತು.

ಲಾಡ್ಕಿ ಬಹೀಣ್ ಅರ್ಜಿ ತುಂಬಿಸಿದವರಲ್ಲಿ ಅಂಗನವಾಡಿ ಸೇವಿಕೆಯರೇ ಮುಂದಿದ್ದರು. ಅರ್ಹ ಅರ್ಜಿಯೊಂದಕ್ಕೆ 50 ರೂಪಾಯಿ ಕೊಡುವುದಾಗಿ ಸರಕಾರ ಹೇಳಿತ್ತು. ವಿಧಾನಸಭಾ ಚುನಾವಣೆ ಮುಗಿದು 2025 ಬಂದಾಗ ಅದೇ ಸೇವಿಕೆಯರಿಗೆ ಇನ್ನೊಂದು ಕೆಲಸ ಬಂತು: ಯಾರ ಮನೆಯಲ್ಲಿ ನಾಲ್ಕು ಚಕ್ರದ ವಾಹನವಿದೆ ಎಂದು ನೋಡಿ ಬರುವುದು. ನಿನ್ನೆ ಅಕ್ಕಪಕ್ಕ ಕೂತು ಫಾರ್ಮ್ ಬರೆದವಳು ಇಂದು ತಪಾಸಣೆಗೆ ಬಂದು ನಿಂತರೆ ಇಬ್ಬರಿಗೂ ಮುಜುಗರ. ಇಬ್ಬರೂ ಇದೇ ಓಣಿಯ ನಲ್ಲಿಯಲ್ಲಿ ನೀರು ಹಿಡಿಯುವವರು.

ಬಸಿರು ಬಾಣಂತನದ ಲೆಕ್ಕವೂ ಇಲ್ಲಿಯೇ. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಹೆರಿಗೆಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ಮೂರನೆಯ ಮಗುವಿಗೆ ಏನೂ ಇಲ್ಲ, ಮಾತು ಮಾತ್ರ ಇದೆ. ಯಾರದೋ ಮೂರನೆಯ ಕೂಸು ತೂಕದ ತಕ್ಕಡಿಯಲ್ಲಿ ಕಾಲು ಬಡಿಯುತ್ತಿದ್ದರೆ, ಹೊಸ್ತಿಲ ಹೊರಗೆ ನಿಂತವರು ಅವಳ ಸಂಸಾರವನ್ನೇ ತೂಗುತ್ತಿರುತ್ತಾರೆ.

ಒಂದೇ ಮನೆಗೆ ಮೂರು ಬಡತನ

ರೇಶನ್ ಅಂಗಡಿಯಲ್ಲಿ ಈಗ ದುಡ್ಡಿಲ್ಲ, ಅಂಗಠಾ ಇದೆ. ಆಹಾರ ಭದ್ರತಾ ಕಾಯ್ದೆಯ ಪಟ್ಟಿಯಲ್ಲಿ ಹೆಸರಿದ್ದರೆ ತಲೆಗೆ 5 ಕಿಲೋ ಧಾನ್ಯ 2023ರ ಜನವರಿಯಿಂದ ಪುಕ್ಕಟೆ. ದಿನವಿಡೀ ಸೋಪಿನ ನೀರಿನಲ್ಲಿ ಪಾತ್ರೆ ತಿಕ್ಕುವ ಬೆರಳಿನ ಗೆರೆ ಸವೆದಿರುತ್ತದೆ. ಯಂತ್ರ ಒಂದು ಸಲಕ್ಕೆ ಒಪ್ಪುವುದಿಲ್ಲ. ಸೆರಗಿಗೆ ಒರೆಸಿ ಮತ್ತೆ ಒತ್ತು, ಇನ್ನೊಂದು ಬೆರಳು ಒತ್ತು. ಹಿಂದೆ ನಿಂತವರ ಗೊಣಗಾಟ ಬೇರೆ.

ಮಹಾರಾಷ್ಟ್ರದ ನಗರಗಳಲ್ಲಿ ಈ ಪಟ್ಟಿಗೆ ಸೇರಲು ಕುಟುಂಬದ ವಾರ್ಷಿಕ ವರಮಾನ 59,000 ಮೀರಬಾರದು. ತಿಂಗಳಿಗೆ ಐದು ಸಾವಿರಕ್ಕೂ ಕಡಿಮೆ! ಮುಂಬಯಿಯಲ್ಲಿ ಗಂಡ ಹೆಂಡಿರಿಬ್ಬರೂ ದುಡಿದರೆ ಆ ಗೆರೆಯೊಳಗೆ ನಿಲ್ಲುವುದು ಹೇಗೆ? ವಿಧವೆಯರು, ಪರಿತ್ಯಕ್ತೆಯರಂಥವರಿಗಾಗಿ ಇರುವ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಯ ಮಿತಿ ಇನ್ನೂ ಕೆಳಗೆ, ವರ್ಷಕ್ಕೆ 21,000. ದಿನಕ್ಕೆ 57 ರೂಪಾಯಿ ಚಿಲ್ಲರೆ. ಲಾಡ್ಕಿ ಬಹೀಣ್‌ಗೆ ಎರಡೂವರೆ ಲಕ್ಷ. ಒಬ್ಬಳೇ ತಾಯಿ ಒಂದು ಕಚೇರಿಯಲ್ಲಿ ಬಡವಿ, ಪಕ್ಕದ ಕಚೇರಿಯಲ್ಲಿ ಅಲ್ಲ. ನಿಜ ಹೇಳಿದರೆ ಹೆಸರು ಬೀಳುತ್ತದೆ, ಕಡಿಮೆ ಹೇಳಿದರೆ ಸುಳ್ಳುಗಾತಿ. ಬಡವರು ಸರಕಾರಕ್ಕೆ ಸುಳ್ಳು ಹೇಳುತ್ತಾರೆ ಎನ್ನುವವರು ಈ ಮೂರು ಅಂಕಿಗಳನ್ನು ಒಮ್ಮೆ ಅಕ್ಕಪಕ್ಕ ಇಟ್ಟು ನೋಡಬೇಕು.

2025ರ ಫೆಬ್ರುವರಿಯಲ್ಲಿ ಐದು ಲಕ್ಷ ಹೆಂಗಸರನ್ನು ಲಾಡ್ಕಿ ಬಹೀಣ್ ಪಟ್ಟಿಯಿಂದ ತೆಗೆದಾಗ ಅದರಲ್ಲಿ 2.30 ಲಕ್ಷ ಮಂದಿ ಈ ನಿರಾಧಾರ ಯೋಜನೆಯವರೇ. ಕೊಟ್ಟದ್ದನ್ನು ವಾಪಸು ಕೇಳುವುದಿಲ್ಲ ಎಂದು ಸಚಿವೆ ಅದಿತಿ ತಟಕರೆ ಹೇಳಿದರು. ಜೂನಿನ ಹೊತ್ತಿಗೆ ಇನ್ನೂ 26.34 ಲಕ್ಷ ಖಾತೆಗಳಿಗೆ ಹಣ ನಿಂತಿತು. ಆ ತಪಾಸಣೆಯಲ್ಲಿ 14,298 ಗಂಡಸರು ಹೆಂಗಸರ ಹೆಸರಿನ ಈ ದುಡ್ಡು ಪಡೆದದ್ದೂ ಬಯಲಾಯಿತು. ಸೆಪ್ಟೆಂಬರಿನಲ್ಲಿ ಬಂದ ಪರಿಹಾರ ಏನೆಂದರೆ ಎಲ್ಲ ಹೆಂಗಸರೂ ಇ-ಕೆವೈಸಿ ಮಾಡಿಸಬೇಕು, ಜೊತೆಗೆ ಗಂಡನದೋ ತಂದೆಯದೋ ಆಧಾರ್ ದೃಢೀಕರಿಸಬೇಕು. ಗಂಡ ಬಿಟ್ಟುಹೋದವಳು ಅವನ ಮೊಬೈಲಿಗೆ ಬರುವ ಓಟಿಪಿಯನ್ನು ಎಲ್ಲಿಂದ ತರಬೇಕು? ಗದ್ದಲವಾದ ಮೇಲೆ ವಿಧವೆಯರಿಗೂ ವಿಚ್ಛೇದಿತರಿಗೂ ವಿನಾಯಿತಿ ಬಂತು, ಗಡುವು ಡಿಸೆಂಬರ್ 31ಕ್ಕೆ ಮುಂದೆ ಹೋಯಿತು.

ನಲ್ಲಿಯ ಕಟ್ಟೆ

ಸಂಜೆ ನೀರು ಬರುವ ಮುಂಚೆ ಕೊಡಗಳು ಸಾಲುಗಟ್ಟುವ ಜಾಗದಲ್ಲಿ ಕನ್ನಡ ಕೇಳಿಸಿತು. ಪಾತ್ರೆ ಕೆಲಸ ಮುಗಿಸಿ ಬಂದಿದ್ದ ಒಬ್ಬಾಕೆ, ಮಾತಿಗೆ ಮಾತು ಸೇರಿದ ಮೇಲೆ, ತನ್ನ ಸಿಟ್ಟನ್ನು ಸರಕಾರದ ಮೇಲಲ್ಲ, ಕೆಲಸದ ಮನೆಯವರ ಮೇಲೆ ತೀರಿಸಿಕೊಂಡಳು.

“ಮೇಡಂ ಅಂತಾರ್ರೀ, ‘ಗೌರ್ಮೆಂಟ್ ರೊಕ್ಕ ಬರ್ತದಲ್ಲ, ಮತ್ಯಾಕ ಪಗಾರ ಹೆಚ್ಚ ಕೇಳ್ತಿ’ ಅಂತ. ನಾ ದುಡಿದಿದ್ದು ಬ್ಯಾರೆ, ಸರಕಾರ ಕೊಡೋದು ಬ್ಯಾರೆ. ಎರಡೂ ಒಂದೇ ಗಂಟಿನಾಗ ಹ್ಯಾಂಗ ಕಟ್ಟತಾರ?”

ಪಕ್ಕದಲ್ಲಿದ್ದ ಹಿರಿಯಳು ಅಷ್ಟಕ್ಕೇ ಬಿಡಲಿಲ್ಲ. “ನಮ್ಮೊಳಗೂ ಅಂತಾರ ಬಿಡವ್ವ. ರೊಕ್ಕ ಬಂದ ದಿನ ಯಾರು ಹೊಸ ಸೀರಿ ಉಟ್ರು, ಯಾರ ಗಂಡ ಕುಡದು ಬಂದ, ಎಲ್ಲಾ ಲೆಕ್ಕ ಇಟ್ಟಿರ್ತಾರ ಇಲ್ಲಿ.”

ಅವಳ ಮಾತು ನಿಜ. ತೀರ್ಪು ಫ್ಲ್ಯಾಟಿನಿಂದ ಮಾತ್ರ ಬರುವುದಿಲ್ಲ, ಪಕ್ಕದ ಖೋಲಿಯಿಂದಲೂ ಬರುತ್ತದೆ. ಹೆಸರು ಪಟ್ಟಿಯಿಂದ ಬಿದ್ದವಳಿಗೆ ಉಳಿದವಳ ಮೇಲೆ ಅನುಮಾನ. ಊರಿನಲ್ಲಿ ಉಳಿದ ಓರಗಿತ್ತಿಗೆ ಗೃಹಲಕ್ಷ್ಮಿಯ 2,000 ಬರುತ್ತದೆ. ಕರ್ನಾಟಕ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಅದನ್ನು ಶುರುಮಾಡಿತು. ‘ಬಿಟ್ಟಿ ಭಾಗ್ಯ’ ಎಂಬ ಮೂದಲಿಕೆ ಅಲ್ಲಿ ಅದರ ಬೆನ್ನಿಗೇ ಬಂತು. ಇಲ್ಲಿ ಅದಕ್ಕೆ ‘ಫುಕಟ್’ ಎನ್ನುತ್ತಾರೆ. ಎರಡು ರಾಜ್ಯಗಳಲ್ಲಿ ಆಳುವ ಪಕ್ಷ ಬೇರೆ ಬೇರೆ. ಒಂದು ಕಡೆ ಬಿಟ್ಟಿ ಎಂದವರೇ ಇನ್ನೊಂದು ಕಡೆ ಅದನ್ನು ಅಕ್ಕತಂಗಿಯರ ಸನ್ಮಾನ ಎನ್ನುತ್ತಾರೆ.

ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಉತ್ತರ ಸಪ್ಪೆಯಾಗಿರುತ್ತದೆ. ಗ್ಯಾಸ್ ಸಿಲಿಂಡರಿಗೆ 2025ರಲ್ಲಿ ಎಂಟುನೂರೈವತ್ತರ ಆಸುಪಾಸು, ಮಿಕ್ಕದ್ದು ಮಗಳ ಟ್ಯೂಷನ್ನಿಗೋ ಮಗನ ಔಷಧಿಗೋ. ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಶಾಲೆ ನಡೆಸುವ ಮಹಾನಗರ ಪಾಲಿಕೆ ಸಮವಸ್ತ್ರ, ಪಾಟಿಚೀಲ, ಬೂಟು ಎಂದು 27 ಸಾಮಾನು ಉಚಿತವಾಗಿ ಕೊಡುತ್ತದೆ, ನಿಜ. ಆದರೆ ಪಾಲಿಕೆ ಶಾಲೆಗೆ ಕಳಿಸಿದರೆ ಮಕ್ಕಳ ಭವಿಷ್ಯದ ಚಿಂತೆ ಇಲ್ಲದವಳು, ಖಾಸಗಿ ಇಂಗ್ಲಿಷ್ ಶಾಲೆಗೆ ಕಳಿಸಿದರೆ ಫೀಸು ಕಟ್ಟುವಷ್ಟು ಇದ್ದೂ ಸರಕಾರದ ದುಡ್ಡು ತಿನ್ನುವವಳು. ಎರಡರಲ್ಲಿ ಯಾವುದನ್ನು ಆರಿಸಿದರೂ ಆಡುವವರಿಗೆ ಒಂದು ಮಾತು ಸಿದ್ಧ.

ಮೇಲಿನಿಂದ ಬಂದ ಮಾತು

ಈ ಮಾತುಗಳಿಗೆ ದೊಡ್ಡವರ ಬಾಯಿಯ ಬೆಂಬಲವೂ ಇದೆ. 2024ರ ನವೆಂಬರಿನಲ್ಲಿ ಕೊಲ್ಹಾಪುರದ ಸಭೆಯೊಂದರಲ್ಲಿ ಬಿಜೆಪಿಯ ರಾಜ್ಯಸಭಾ ಸದಸ್ಯ ಧನಂಜಯ ಮಹಾಡಿಕ್, ಯೋಜನೆಯ ಹಣ ಪಡೆದ ಹೆಂಗಸರು ಕಾಂಗ್ರೆಸ್ ಸಭೆಗಳಲ್ಲಿ ಕಂಡರೆ ಫೋಟೊ ತೆಗೆಯಿರಿ ಎಂದರು, ಆಮೇಲೆ ಕ್ಷಮೆ ಕೇಳಿದರು. 2025ರ ಫೆಬ್ರುವರಿ 12ರಂದು ನಗರಗಳ ವಸತಿಹೀನರ ಆಸರೆಯ ಮೊಕದ್ದಮೆ ಕೇಳುತ್ತಿದ್ದಾಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ಆರ್. ಗವಾಯಿ ಲಾಡ್ಕಿ ಬಹೀಣ್ ಹೆಸರನ್ನೇ ಎತ್ತಿ, ಪುಕ್ಕಟೆ ಕೊಡುಗೆಗಳಿಂದ ಜನ ದುಡಿಯಲು ಮನಸ್ಸು ಮಾಡುತ್ತಿಲ್ಲ, ಪರಾವಲಂಬಿಗಳ ವರ್ಗವೊಂದು ಹುಟ್ಟುತ್ತಿದೆಯೇ ಎಂದು ಕೇಳಿದರು. ಅದು ತೀರ್ಪಲ್ಲ, ವಿಚಾರಣೆಯ ನಡುವಿನ ಮಾತು. ಆದರೂ ತೀರ್ಪಿಗಿಂತ ವೇಗವಾಗಿ ಹರಡಿತು. ಐದು ಗಂಟೆಗೆ ಎದ್ದು ನಾಲ್ಕು ಮನೆಯ ಪಾತ್ರೆ ಮುಗಿಸುವವಳು ತಿಂಗಳ 1,500ಕ್ಕಾಗಿ ಆ ನಾಲ್ಕೂ ಮನೆ ಬಿಟ್ಟಾಳು ಎಂದು ನಂಬಲು ಧಾರಾವಿಯನ್ನು ಒಮ್ಮೆಯೂ ನೋಡಿರಬಾರದು.

ಖರ್ಚಿನ ಪ್ರಶ್ನೆ ಸುಳ್ಳಲ್ಲ. 2025-26ರ ಬಜೆಟ್ಟಿನಲ್ಲಿ ಈ ಯೋಜನೆಗೆ 36,000 ಕೋಟಿ ಇಟ್ಟರು. ಚುನಾವಣೆಯಲ್ಲಿ ಹೇಳಿದ 2,100ಕ್ಕೆ ಏರಿಸುವ ಮಾತು ಅದರಲ್ಲಿರಲಿಲ್ಲ. ಆ ದುಡ್ಡಿನಲ್ಲಿ ಆಸ್ಪತ್ರೆ ಕಟ್ಟಬಹುದಿತ್ತೇ, ಚುನಾವಣೆಯ ಮುಂಚೆಯೇ ಯಾಕೆ ಬಂತು ಎಂದು ಮಂತ್ರಿಗಳನ್ನು ಕೇಳಲೇಬೇಕು. ಆದರೆ ಯೋಜನೆಯನ್ನು ತೂಗುವುದು ಬೇರೆ, ಹಣ ಪಡೆದ ತಾಯಿಯನ್ನು ತೂಗುವುದು ಬೇರೆ. ಮಂತ್ರಿಯನ್ನು ಕೇಳಬೇಕಾದ್ದನ್ನು ಮನೆಗೆಲಸದವಳನ್ನು ಕೇಳುವುದು ಸುಲಭ, ಅಷ್ಟೆ.

ಸಾಯನ್ ಸರ್ಕಲ್

ಹಳಿ ದಾಟಿ ಪೂರ್ವಕ್ಕೆ ಬಂದರೆ ಸಾಯನ್ ಸರ್ಕಲ್. ಇಲ್ಲಿಂದ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಠಾಣೆಯ ಕಡೆಗೆ ಹೊರಡುತ್ತದೆ. ಸಂಜೆಯ ಕಾರುಗಳು ಬಂಪರಿಗೆ ಬಂಪರು ತಾಗಿಸಿ ನಿಂತಿರುತ್ತವೆ. 2024ರ ಅಕ್ಟೋಬರ್ 14ರಂದು, ವಿಧಾನಸಭಾ ಚುನಾವಣೆಯ ದಿನಾಂಕ ಪ್ರಕಟವಾಗುವ ಮುನ್ನಾದಿನ, ರಾಜ್ಯ ಸಂಪುಟ ಮುಂಬಯಿಯ ಐದು ಪ್ರವೇಶದ್ವಾರಗಳಲ್ಲಿ ಹಗುರ ವಾಹನಗಳ ಟೋಲ್ ಮಾಫಿ ಮಾಡಿತು: ದಹಿಸರ್, ಮುಲುಂಡ್‌ನ ಎಲ್‌ಬಿಎಸ್ ರಸ್ತೆ, ಆನಂದ ನಗರ, ಐರೋಲಿ, ವಾಶಿ. ಅಲ್ಲಿಯವರೆಗೆ ಕಾರಿಗೆ 45 ರೂಪಾಯಿ. ಪಾಸ್ ಇಲ್ಲದೆ ತಿಂಗಳಿಗೆ 25 ದಿನ, ದಿನಕ್ಕೊಮ್ಮೆ ಕಟ್ಟುತ್ತಿದ್ದವನಿಗೆ 1,125 ರೂಪಾಯಿ ಉಳಿಯಿತು. ಅದಕ್ಕೂ ಮೊದಲು, 2022ರ ಜನವರಿಯಿಂದ, ನಗರದಲ್ಲಿ 500 ಚದರಡಿವರೆಗಿನ ಫ್ಲ್ಯಾಟುಗಳ ಆಸ್ತಿ ತೆರಿಗೆಯೂ ಮಾಫಿ.

ಮನೆಯಲ್ಲಿ ನಾಲ್ಕು ಚಕ್ರವಿದ್ದರೆ 1,500 ಇಲ್ಲ. ಅದೇ ನಾಲ್ಕು ಚಕ್ರಕ್ಕೆ ಅದೇ ಸರಕಾರ, ಅದೇ ಚುನಾವಣೆಯ ಮುಂಚೆ, ಅದರ ಮುಕ್ಕಾಲು ಪಾಲನ್ನು ಉಳಿಸಿಕೊಟ್ಟಿತು. ಕಾರಿನವರಿಂದ ಯಾರೂ ಹಮೀಪತ್ರ ಬರೆಸಿಕೊಳ್ಳಲಿಲ್ಲ, 15 ವರ್ಷದ ವಿಳಾಸ ಕೇಳಲಿಲ್ಲ, ಉಳಿದ ದುಡ್ಡಿನಲ್ಲಿ ಸಂಜೆ ಎಲ್ಲಿ ಕೂತು ಏನು ಕುಡಿದಿರಿ ಎಂದು ವಿಚಾರಿಸಲಿಲ್ಲ. ಅವರ ಮಕ್ಕಳು ಎಷ್ಟು ಎಂದು ಎಣಿಸಲಿಲ್ಲ. ಟೋಲ್ ತಪ್ಪಿದ್ದರಿಂದ ಅವರು ಸೋಮಾರಿಗಳಾದಾರು ಎಂದು ಯಾವ ಸಭೆಯೂ ಚಿಂತಿಸಲಿಲ್ಲ.

ಅವರನ್ನೂ ಹಾಗೆ ಕೇಳಿ ಎಂದು ನಾನು ಹೇಳುತ್ತಿಲ್ಲ. ಕೇಳದಿರುವುದೇ ಸರಿ. ವಯಸ್ಕರೊಬ್ಬರು ತಮ್ಮ ಮನೆಯ ದುಡ್ಡನ್ನು ತಮಗೆ ಬೇಕಾದಂತೆ ಖರ್ಚು ಮಾಡುತ್ತಾರೆ ಎಂಬ ನಂಬಿಕೆಯನ್ನು ಈ ಊರು ಹೈವೇಯ ಮೇಲಿನವರಿಗೆ ಸಲೀಸಾಗಿ ಕೊಟ್ಟಿದೆ. ಹಳಿಯ ಆಚೆ ಬದಿಯ ತಾಯಿಗೂ ಅಷ್ಟನ್ನೇ ಕೊಡಲು ಬಜೆಟ್ಟಿನಲ್ಲಿ ಒಂದು ರೂಪಾಯಿಯೂ ಹೆಚ್ಚು ಬೇಕಾಗುವುದಿಲ್ಲ.