ದರೋಜಿ ಈರಮ್ಮ ಮತ್ತು ತಲೆಯೊಳಗಿನ ಏಳು ಸಾವಿರ ಪುಟ

ಕಳೆದ ಸೆಮ್ ಮುಗಿದ ಮೇಲೆ ಒಂದು ಶನಿವಾರ ನಾವು ನಾಲ್ಕು ಜನ ಮಧುರೆಗೆ ಹೋಗಿದ್ವಿ. ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ ಅಂದ್ರೆ ಈ ಕಡೆಯವರಿಗೆ ಮೊದಲು ನೆನಪಾಗೋದು ಪಕ್ಕದ ಕನಸವಾಡಿಯ ಶನಿಮಹಾತ್ಮ ದೇವಸ್ಥಾನ. ಶನಿವಾರ ಬಸ್ಸಲ್ಲಿ ನಿಲ್ಲೋಕೂ ಜಾಗ ಇರಲ್ಲ. ನಾವು ಹೋಗಿದ್ದು ದೇವಸ್ಥಾನಕ್ಕಲ್ಲ (ದರ್ಶನ ಮಾಡಿ ಪ್ರಸಾದ ತಿಂದ್ವಿ, ಅದು ಬೇರೆ ಮಾತು). ನಮ್ಮ ಕ್ಲಬ್ಬಿನ ಒಬ್ಬಳ ಅಜ್ಜಿ ಮಧುರೆಯಲ್ಲಿದ್ದಾರೆ. ಒಂದು ಕಾಲದಲ್ಲಿ ಸುತ್ತಲಿನ ಮದುವೆಮನೆಗಳಲ್ಲಿ ಸೋಬಾನೆ ಪದ ಹೇಳ್ತಿದ್ದವರು. ಅವರ ಹಾಡನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಬರೋಣ, ಅರ್ಧ ಗಂಟೆ ಕೆಲಸ ಅಂದ್ಕೊಂಡಿದ್ವಿ.

ಅಜ್ಜಿ ಶುರು ಮಾಡಿದ್ರು, ನಿಲ್ಲಿಸಿದ್ರು. ಮತ್ತೆ ಶುರು ಮಾಡಿದ್ರು, ಮತ್ತೆ ನಿಲ್ಲಿಸಿದ್ರು. ಆಮೇಲೆ "ಒಬ್ಬಳೇ ಹೆಂಗೆ ಹೇಳಾದು ಮಗ? ಸೊಲ್ಲು ಹಿಡಿಯೋಳು ಇರ್ಬೇಕು. ನನ್ನ ಜೊತೆಯೋಳು ಹೋಗಿ ಮೂರು ವರ್ಷ ಆಯ್ತು" ಅಂದ್ರು. ಬಲವಂತ ಮಾಡಿ ಒಂದೇ ಪದವನ್ನ ಎರಡು ಸಲ ಹೇಳಿಸಿದ್ವಿ. ಎರಡು ಸಲಕ್ಕೂ ಪದ ಬೇರೆ ಬೇರೆ ಬಂತು. ಒಂದರಲ್ಲಿ ಇದ್ದ ನಾಲ್ಕು ಸಾಲು ಇನ್ನೊಂದರಲ್ಲಿ ಇಲ್ಲ. "ಪಾಪ, ವಯಸ್ಸಾಯ್ತು, ಮರೆತುಹೋಗಿದೆ" ಅಂತ ನಾವು ತೀರ್ಮಾನ ಮಾಡಿ ವಾಪಸ್ ಬಸ್ ಹತ್ತಿದ್ವಿ.

ಆ ತೀರ್ಮಾನ ತಪ್ಪು ಅಂತ ಗೊತ್ತಾಗಿದ್ದು ದರೋಜಿ ಈರಮ್ಮನವರ ಬಗ್ಗೆ ಓದಿದ ಮೇಲೆ. ಅದಕ್ಕೇ ಈ ಲೇಖನ.

ದರೋಜಿ ಅಂದ್ರೆ ನಮಗೆಲ್ಲ ನೆನಪಾಗೋದು ಕರಡಿ. ಹಂಪಿ ಟ್ರಿಪ್‌ಗೆ ಹೋದವರು 1994ರಲ್ಲಿ ಶುರುವಾದ ಆ ಕರಡಿಧಾಮವನ್ನೂ ನೋಡಿ ಬಂದಿರ್ತೀರ. ಬಳ್ಳಾರಿ ಜಿಲ್ಲೆ ಸಂಡೂರು ತಾಲ್ಲೂಕಿನ ಅದೇ ದರೋಜಿಯವರು ಈರಮ್ಮ. ಹುಟ್ಟಿದ್ದು 1930ರಲ್ಲಿ, ಬುಡಗ ಜಂಗಮ ಸಮುದಾಯದಲ್ಲಿ. ಇದು ಊರೂರು ಸುತ್ತಿ ಕಥೆ ಹಾಡಿ, ಜನ ಕೊಟ್ಟ ಕಾಳುಕಡ್ಡಿಯಲ್ಲಿ ಬದುಕ್ತಿದ್ದ ಅಲೆಮಾರಿ ಸಮುದಾಯ. ಮನೆಮಾತು ತೆಲುಗು, ಊರಮಾತು ಕನ್ನಡ. ಈರಮ್ಮ ಶಾಲೆ ಮೆಟ್ಟಿಲು ಹತ್ತಲಿಲ್ಲ. ಚಿಕ್ಕ ವಯಸ್ಸಲ್ಲೇ ತಂದೆಯ ಜೊತೆ ಕೂತು ಕೇಳಿ ಕೇಳಿ ಕಲಿತದ್ದು ಬುರ್ರಕಥೆ.

ನಮ್ಮ ಹಾಸ್ಟೆಲಿನ ಆಂಧ್ರದ ಗೆಳೆಯನಿಗೆ ಬುರ್ರಕಥೆ ಅಂದ ಕೂಡಲೇ ನಗು ಬಂತು. ತೆಲುಗಲ್ಲಿ ಬುರ್ರ ಅಂದ್ರೆ ತಲೆ, ಬುರುಡೆ. ಬುರುಡೆ ಥರ ಒಳಗೆ ಟೊಳ್ಳಾಗಿರೋ ವಾದ್ಯ ಇಟ್ಕೊಂಡು ಹೇಳೋ ಕಥೆ ಆದ್ದರಿಂದ ಆ ಹೆಸರು ಅಂತಾರೆ. ಆದ್ರೆ ಈರಮ್ಮನವರ ವಿಷಯದಲ್ಲಿ "ತಲೆಯ ಕಥೆ" ಅಂದ್ರೂ ಸರಿಯೇ. ಅವರಿಗೆ ಬಾಯಿಗೆ ಬರ್ತಿದ್ದದ್ದು ಹನ್ನೆರಡು ದೊಡ್ಡ ಕಾವ್ಯಗಳು. ಅಚ್ಚು ಹಾಕಿದ್ರೆ ಸುಮಾರು 7,000 ಪುಟ ಆಗುತ್ತೆ ಅನ್ನೋದು ಅಂದಾಜು. ನಮ್ಮ ಒಂದು ಟೆಕ್ಸ್ಟ್‌ಬುಕ್ 700 ಪುಟ ಅಂತ ಇಟ್ಕೊಳ್ಳಿ. ಅಂಥ ಹತ್ತು ಪುಸ್ತಕ, ಒಂದು ಅಕ್ಷರವನ್ನೂ ನೋಡದೆ. ನಾವು ಒಂದು ಮಾಡ್ಯೂಲ್ ನೆನಪಿಟ್ಕೊಳ್ಳೋಕೆ ರಾತ್ರಿಯೆಲ್ಲ ಕೂತು, ಎಕ್ಸಾಮ್ ಹಾಲಿಂದ ಹೊರಗೆ ಬರೋಷ್ಟರಲ್ಲಿ ಮರೆತಿರ್ತೀವಿ.

ಬುರ್ರಕಥೆ ಒಬ್ಬರ ಕೆಲಸ ಅಲ್ಲ. ಸಾಮಾನ್ಯವಾಗಿ ಮೂರು ಜನ ಬೇಕು. ನಡುವೆ ಮುಖ್ಯ ಕಥೆಗಾರ್ತಿ. ಎರಡೂ ಪಕ್ಕದಲ್ಲಿ ವಾದ್ಯ ಬಾರಿಸ್ತಾ ಪಲ್ಲವಿ ಹಿಡಿಯೋರು, ಹೂಂಗುಟ್ಟೋರು, ನಡುನಡುವೆ ಪ್ರಶ್ನೆ ಕೇಳೋರು. ಈರಮ್ಮನವರ ಜೊತೆ ನಿಲ್ತಿದ್ದವರು ಮನೆಯವರೇ ಆದ ಶಿವಮ್ಮ ಮತ್ತು ಪಾರ್ವತಮ್ಮ. ಹೊರಗಿಂದ ನೋಡೋರಿಗೆ ಪಕ್ಕದವರು ಬರೀ ಸಾಥ್ ಕೊಡೋರು ಅನ್ನಿಸುತ್ತೆ. ಆದ್ರೆ ಅವರು ಪಲ್ಲವಿ ಹಾಡೋ ಆ ಕೆಲವು ಸೆಕೆಂಡಲ್ಲೇ ಮುಖ್ಯ ಕಥೆಗಾರ್ತಿಗೆ ಉಸಿರು ತಗೊಳ್ಳೋಕೆ, ಮುಂದಿನ ಸಾಲು ಕಟ್ಟೋಕೆ ಸಮಯ ಸಿಗೋದು. ನಮ್ಮ ಭಾಷೇಲಿ ಹೇಳೋದಾದ್ರೆ ಅವರು ಬಫರ್. ಅದನ್ನ ತೆಗೆದ್ರೆ ಇಡೀ ಸಿಸ್ಟಮ್ ನಿಂತುಹೋಗುತ್ತೆ. ಮಧುರೆಯಲ್ಲಿ ಅಜ್ಜಿ ಯಾಕೆ ನಿಂತು ನಿಂತು ಹೋದ್ರು ಅನ್ನೋದಕ್ಕೆ ನಮಗೆ ಸಿಕ್ಕ ಮೊದಲ ಉತ್ತರ ಇದು.

ಈರಮ್ಮ ಹಾಡ್ತಿದ್ದ ಕಥೆಗಳಲ್ಲಿ ಹೆಸರಾದದ್ದು ಕುಮಾರರಾಮನದು. ವಿಜಯನಗರ ಹುಟ್ಟೋಕೆ ಮುಂಚೆ ಆ ಸೀಮೆಯನ್ನ ಆಳಿದ ಕಂಪಿಲರಾಯನ ಮಗ ಈ ರಾಮ. ಮಲತಾಯಿ ರತ್ನಾಜಿ ಅವನನ್ನ ಬಯಸ್ತಾಳೆ, ಅವನು ಒಪ್ಪಲ್ಲ. ಅವಳು ಸುಳ್ಳು ದೂರು ಹೇಳ್ತಾಳೆ, ಅಪ್ಪ ತಲೆ ತೆಗೆಯೋಕೆ ಆಜ್ಞೆ ಮಾಡ್ತಾನೆ. ಮಂತ್ರಿ ಬೈಚಪ್ಪ ಅವನನ್ನ ಗುಟ್ಟಾಗಿ ಬಚ್ಚಿಟ್ಟು ಉಳಿಸ್ತಾನೆ. ದೆಹಲಿಯ ಸೈನ್ಯ ಬಂದಾಗ ಅದೇ ಮಗ ಹೊರಗೆ ಬಂದು ಹೋರಾಡಿ ಸಾಯ್ತಾನೆ. ಕಂಪಿಲಿ ರಾಜ್ಯ ತುಘಲಕ್ ಸೈನ್ಯಕ್ಕೆ ಬಿದ್ದದ್ದು 1327ರ ಹೊತ್ತಿಗೆ. ಅಂದ್ರೆ ಸುಮಾರು ಏಳುನೂರು ವರ್ಷದ ಹಿಂದಿನ ಘಟನೆಯನ್ನ, ಅದು ನಡೆದ ನೆಲದಲ್ಲೇ, ಓದು ಬಾರದ ಒಬ್ಬರು ರಾತ್ರಿಗಟ್ಟಲೆ ಹಾಡ್ತಿದ್ರು. ಬಬ್ಬುಲಿ ನಾಗಿರೆಡ್ಡಿ, ಬಾಲನಾಗಮ್ಮ ಅವರ ಬೇರೆ ಹೆಸರಾದ ಕಥೆಗಳು.

ಇಷ್ಟನ್ನ ನೆನಪಿಟ್ಕೊಳ್ಳೋದು ಹೇಗೆ? ಇದೇ ಪ್ರಶ್ನೆ ಇಟ್ಕೊಂಡು 1930ರ ದಶಕದಲ್ಲಿ ಅಮೆರಿಕದ ಮಿಲ್ಮನ್ ಪ್ಯಾರಿ ಅನ್ನೋ ವಿದ್ವಾಂಸ ತನ್ನ ಶಿಷ್ಯ ಆಲ್ಬರ್ಟ್ ಲಾರ್ಡ್ ಜೊತೆ ಯುಗೊಸ್ಲಾವಿಯಾಕ್ಕೆ ಹೋಗಿದ್ದ. ಅಲ್ಲಿ 1935ರಲ್ಲಿ ಅವ್ದೊ ಮೆಜೆದೊವಿಚ್ ಅನ್ನೋ ಓದು ಬಾರದ ಗಾಯಕನಿಂದ 12,000 ಸಾಲಿಗೂ ದೊಡ್ಡದಾದ ಒಂದೇ ಕಾವ್ಯವನ್ನ ಬರೆದುಕೊಂಡ್ರು. ಅವರು ಕಂಡುಕೊಂಡ ಉತ್ತರವನ್ನ ಲಾರ್ಡ್ 1960ರಲ್ಲಿ ಪುಸ್ತಕ ಮಾಡಿದ. ಉತ್ತರ ಸರಳ: ಇಂಥ ಗಾಯಕರು ಕಾವ್ಯವನ್ನ ಬಾಯಿಪಾಠ ಮಾಡೋದೇ ಇಲ್ಲ. ಅವರ ಹತ್ತಿರ ಇರೋದು ಛಂದಸ್ಸಿಗೆ ಸರಿಯಾಗಿ ಕೂರೋ ಸಿದ್ಧ ನುಡಿಗಳು ಮತ್ತು ಸಿದ್ಧ ಸನ್ನಿವೇಶಗಳು. ಕುದುರೆ ಏರೋದು ಹೇಗೆ, ತಾಯಿ ಮಗನನ್ನ ಕಳಿಸೋದು ಹೇಗೆ, ಓಲೆ ಬರೋದು ಹೇಗೆ, ಯುದ್ಧ ಶುರುವಾಗೋದು ಹೇಗೆ ಅನ್ನೋದಕ್ಕೆಲ್ಲ ಒಂದೊಂದು ಅಚ್ಚು ಇರುತ್ತೆ. ಕಥೆಯ ದಾರಿ ಗೊತ್ತಿರುತ್ತೆ. ಹಾಡ್ತಾ ಹಾಡ್ತಾ ಆ ಅಚ್ಚುಗಳನ್ನ ಜೋಡಿಸ್ಕೊಂಡು ಹೋಗ್ತಾರೆ. ಕೇಳೋರು ಹುರುಪಲ್ಲಿದ್ರೆ ಯುದ್ಧ ಒಂದು ಗಂಟೆ, ಆಕಳಿಸ್ತಿದ್ರೆ ಹತ್ತೇ ನಿಮಿಷ. ನಾವು ಕೋಡ್ ಬರೆಯುವಾಗ ಫಂಕ್ಷನ್ ಕರೆಯೋದು ಇದೇ ಥರ. ಪ್ರತಿ ಸಲ ಮೊದಲಿಂದ ಬರೆಯಲ್ಲ, ಆರ್ಗ್ಯುಮೆಂಟ್ ಬದಲಾಯಿಸ್ತೀವಿ ಅಷ್ಟೇ.

ಇದನ್ನ ಓದಿದಾಗ ನಮಗೆ ನಾಚಿಕೆ ಆಯ್ತು. ಮಧುರೆಯ ಅಜ್ಜಿ ಮರೆತಿರಲಿಲ್ಲ. ಎರಡನೇ ಸಲ ಅವರು ಪದವನ್ನ ಮತ್ತೆ ಕಟ್ಟಿದ್ರು. ಪುಸ್ತಕದಿಂದ ಕಲಿತ ನಾವು "ಒರಿಜಿನಲ್" ಒಂದೇ ಇರುತ್ತೆ, ಉಳಿದದ್ದು ತಪ್ಪು ಅಂತ ನಂಬಿದ್ವಿ.

ಈರಮ್ಮನವರ ಬದುಕಲ್ಲಿ ಹೊರಗಿನ ಜಗತ್ತು ಬಾಗಿಲು ತಟ್ಟಿದ್ದು ತಡವಾಗಿ. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2003ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಶಾಲೆಗೇ ಹೋಗದವರಿಗೆ ವಿಶ್ವವಿದ್ಯಾಲಯದ ಅತಿ ದೊಡ್ಡ ಗೌರವ. ಅವರ ಬಾಯಿಂದ ಕೇಳಿ ಬರೆದುಕೊಂಡ ಕಾವ್ಯಗಳು ಪುಸ್ತಕಗಳಾದವು. ಸಾಕ್ಷರತೆಯಂಥ ಸರ್ಕಾರದ ಪ್ರಚಾರಗಳಿಗೂ ಅವರು ಬುರ್ರಕಥೆ ಹೇಳಿದ್ರು. ಅಕ್ಷರ ಬಾರದವರು ಅಕ್ಷರ ಕಲಿಯಿರಿ ಅಂತ ಹಾಡಿದ್ದನ್ನ ನಾವು ತಮಾಷೆ ಅಂತ ತಗೊಳ್ಳಲ್ಲ. ಅಕ್ಷರ ಇಲ್ಲದ ಬದುಕಿನ ಕಷ್ಟ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಬುರ್ರಕಥೆ ಅವರಿಗೆ ಹವ್ಯಾಸ ಅಲ್ಲ, ಅನ್ನ. ಹೊಟ್ಟೆ ತುಂಬೋಕೆ ಬೇರೆ ದಾರಿ ಇದ್ದಿದ್ರೆ ಮುಂದಿನವರು ಇದನ್ನ ಕಲೀತಿದ್ರಾ ಅನ್ನೋ ಪ್ರಶ್ನೆಗೆ ನಮ್ಮ ಹತ್ತಿರ ಸುಲಭದ ಉತ್ತರ ಇಲ್ಲ.

2014ರ ಆಗಸ್ಟ್ 12ರಂದು ಈರಮ್ಮ ತೀರಿಕೊಂಡ್ರು. ಪುಸ್ತಕಗಳು ಉಳಿದಿವೆ. ಆದ್ರೆ ಅಚ್ಚಾಗಿರೋದು ಒಂದು ಸಲ ಹೇಳಿದ ರೂಪ ಮಾತ್ರ. ಇನ್ನೊಂದು ರಾತ್ರಿ, ಇನ್ನೊಂದು ಊರಲ್ಲಿ ಅವರು ಕಟ್ಟಬಹುದಾಗಿದ್ದ ಕಥೆ ಅವರ ಜೊತೆಗೇ ಹೋಯ್ತು. ಔಟ್‌ಪುಟ್ ನಮ್ಮ ಹತ್ತಿರ ಇದೆ, ಪ್ರೋಗ್ರಾಮ್ ಇಲ್ಲ. ಅದು ಉಳಿಯೋಕೆ ಇರೋದು ಒಂದೇ ದಾರಿ: ಇನ್ನೊಬ್ಬರು ಪಕ್ಕದಲ್ಲಿ ನಿಂತು, ಪಲ್ಲವಿ ಹಿಡಿದು, ವರ್ಷಗಟ್ಟಲೆ ಕಲಿಯಬೇಕು.

ನಾವು ಮತ್ತೆ ಮಧುರೆಗೆ ಹೋದ್ವಿ. ಈ ಸಲ ಫೋನ್ ಪಕ್ಕಕ್ಕಿಟ್ಟು, ಮೊಮ್ಮಗಳು ಅಜ್ಜಿ ಪಕ್ಕ ಕೂತು ಸೊಲ್ಲು ಹಿಡಿದಳು. ಶ್ರುತಿ ತಪ್ಪಿದಾಗಲೆಲ್ಲ ಅಜ್ಜಿ ತೊಡೆ ಮೇಲೆ ಒಂದು ಏಟು ಕೊಟ್ರು. ನಮ್ಮಲ್ಲಿ ಕನ್ನಡವನ್ನ ಸೆಕೆಂಡ್ ಲ್ಯಾಂಗ್ವೇಜ್ ಆಗಿ ಓದಿದವರೇ ಹೆಚ್ಚು. ಅರ್ಧ ಮಾತುಗಳ ಅರ್ಥ ಕೇಳ್ತಾನೇ ಇದ್ವಿ. ಆದ್ರೂ ಮೊದಲ ಸಲ ಐದು ನಿಮಿಷಕ್ಕೆ ನಿಂತಿದ್ದ ಪದ ಅವತ್ತು ನಲವತ್ತು ನಿಮಿಷ ನಡೀತು. ನಡುವೆ ಬಂದ ಒಂದು ಭಾಗವನ್ನ ಹೇಳಿ ಮುಗಿಸಿ, "ಇದು ಇನ್ನೂ ಐತೆ ಅಂತ ನಂಗೇ ಗೊತ್ತಿರಲಿಲ್ಲ ಕಣವ್ವ" ಅಂದ್ರು ಅಜ್ಜಿ.

ನಿಮ್ಮ ಮನೇಲೂ ಪದ ಹೇಳೋರು ಯಾರಾದ್ರೂ ಇರ್ತಾರೆ. ಈ ರಜೆಗೆ ಊರಿಗೆ ಹೋದಾಗ ಕೇಳಿ. ಒಂದು ಸಲ ಅಲ್ಲ, ಎರಡು ಮೂರು ಸಲ ಹೇಳಿಸಿ. ರೆಕಾರ್ಡ್ ಮಾಡ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಮೊದಲು ಪಕ್ಕದಲ್ಲಿ ಕೂತು ಸೊಲ್ಲು ಹಿಡೀರಿ.