ಮಗುವಿನ ಕಾಲಿಗೆ ಯಾವ ಗೆಜ್ಜೆ?

ಬೆಂಗಳೂರು: ಜೂನ್ ತಿಂಗಳು ಬಂತೆಂದರೆ ಶಾಲಾ ಪ್ರವೇಶದ ಗಡಿಬಿಡಿಯ ಬೆನ್ನಿಗೇ ಮತ್ತೊಂದು ಪ್ರವೇಶದ ಚಿಂತೆ ನಗರದ ಪಾಲಕರನ್ನು ಕಾಡತೊಡಗುತ್ತದೆ. ಮಗುವನ್ನು ನೃತ್ಯ ತರಗತಿಗೆ ಸೇರಿಸಬೇಕು. ಆದರೆ ಯಾವ ನೃತ್ಯಕ್ಕೆ? ಬಡಾವಣೆಯ ಮನೆಯೊಂದರ ಮಹಡಿಯಲ್ಲಿ ನಡೆಯುವ ಶಾಲೆಯ ಫಲಕದ ಮೇಲೆ ಭರತನಾಟ್ಯ, ಕೂಚಿಪುಡಿ, ಕಥಕ್, ಜಾನಪದ, ಪಾಶ್ಚಾತ್ಯ ಎಂದು ಐದಾರು ಹೆಸರುಗಳು ಸಾಲಾಗಿರುತ್ತವೆ. ಬಹಳಷ್ಟು ಪಾಲಕರು ಆರಿಸಿಕೊಳ್ಳುವುದು ಶೈಲಿಯನ್ನಲ್ಲ, ಮನೆಗೆ ಹತ್ತಿರವಿರುವ ತರಗತಿಯನ್ನು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆರೇಳು ವರ್ಷದ ಮಗು ಒಂದು ಶೈಲಿಯಲ್ಲಿ ನಿಲ್ಲುವುದನ್ನು ಕಲಿತರೆ ಆ ನಿಲುವು ದೇಹದಲ್ಲಿ ಅಚ್ಚೊತ್ತಿದಂತೆ ಉಳಿಯುತ್ತದೆ. ಐದು ವರ್ಷ ಕಳೆದ ಮೇಲೆ ಅದನ್ನು ಅಳಿಸಿ ಬೇರೊಂದನ್ನು ಬರೆಯುವುದು ಗುರುವಿಗೂ ಕಷ್ಟ, ಶಿಷ್ಯರಿಗೂ ಕಷ್ಟ.

ನಿಲುವೇ ಮೊದಲ ಪಾಠ

ಶೈಲಿಗಳ ನಡುವಿನ ವ್ಯತ್ಯಾಸ ಉಡುಪಿನಲ್ಲಿಯೂ ಹಾಡಿನಲ್ಲಿಯೂ ಇದೆಯೆಂಬುದು ನಿಜ. ಆದರೆ ಮಗುವಿನ ಮಟ್ಟಿಗೆ ಅದು ಆರಂಭವಾಗುವುದು ಮೊಣಕಾಲಿನಿಂದ. ಭರತನಾಟ್ಯದ ಮಗು ಮೊದಲ ದಿನವೇ ಅರೆಮಂಡಿಯಲ್ಲಿ ನಿಲ್ಲುತ್ತದೆ. ಹಿಮ್ಮಡಿಗಳು ಕೂಡಿರಬೇಕು, ಪಾದಗಳು ಪಕ್ಕಕ್ಕೆ ತಿರುಗಿರಬೇಕು, ಮಂಡಿ ಮಡಿದಿರಬೇಕು, ಬೆನ್ನು ನೆಟ್ಟಗಿರಬೇಕು. ಈ ನಿಲುವಿನಲ್ಲಿಯೇ ತಟ್ಟಡವು, ನಾಟ್ಟಡವುಗಳನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಲಾಗುತ್ತದೆ. ಕಥಕ್ ಕಲಿಯುವ ಮಗುವಾದರೋ ನೇರವಾಗಿ ನಿಂತು, ಅಂಗಾಲನ್ನು ಸಮನಾಗಿ ನೆಲಕ್ಕೆ ಬಡಿದು 'ತತ್ಕಾರ್' ಕಲಿಯುತ್ತದೆ. ಚಕ್ಕರ್‌ಗಳು ಅನಂತರ ಬರುತ್ತವೆ. ಒಡಿಸ್ಸಿಯಲ್ಲಿ ಎರಡು ನಿಲುವುಗಳಿವೆ: ಚೌಕಾಕಾರದ 'ಚೌಕ' ಮತ್ತು ಕತ್ತು, ಸೊಂಟ, ಮಂಡಿಗಳಲ್ಲಿ ಬಾಗುವ 'ತ್ರಿಭಂಗಿ'. ಭರತನಾಟ್ಯದಲ್ಲಿ ಸೊಂಟ ಅಲುಗಿದರೆ ಗುರು ಗದರಿಸುತ್ತಾರೆ. ತ್ರಿಭಂಗಿಯಲ್ಲಿ ಸೊಂಟವನ್ನು ಪಕ್ಕಕ್ಕೆ ಒಯ್ಯದಿದ್ದರೆ ನಿಲುವೇ ಸಿದ್ಧಿಸುವುದಿಲ್ಲ. ಇವೆರಡನ್ನೂ ಒಂದೇ ವಾರದಲ್ಲಿ ಏಳು ವರ್ಷದ ಮಗುವಿಗೆ ಹೇಳಿಕೊಟ್ಟರೆ ಆಗುವುದೇನೆಂದು ಊಹಿಸುವುದು ಕಷ್ಟವಲ್ಲ.

ಅರೆಮಂಡಿಯ ವಿಷಯದಲ್ಲಿ ಪಾಲಕರು ತಿಳಿದಿರಲೇಬೇಕಾದ ಸಂಗತಿಯೊಂದಿದೆ. ಕಾಲು ಹೊರಕ್ಕೆ ತಿರುಗಬೇಕಾದುದು ಸೊಂಟದ ಕೀಲಿನಿಂದ, ಮಂಡಿಯಿಂದಲ್ಲ. ಮಡಿದ ಮಂಡಿ ಕಾಲ್ಬೆರಳುಗಳ ನೇರಕ್ಕೆ ಇರಬೇಕು. ಪಾದ ಮಾತ್ರ ಪಕ್ಕಕ್ಕೆ ತಿರುಗಿ ಮಂಡಿ ಮುಂದಕ್ಕೆ ಬಿದ್ದರೆ ಭಾರವೆಲ್ಲ ಮಂಡಿಯ ಮೇಲೆ ತಿರುಚಿಕೊಳ್ಳುತ್ತದೆ. ನಲವತ್ತು ಮಕ್ಕಳಿರುವ ತರಗತಿಯಲ್ಲಿ ಇದನ್ನು ಒಬ್ಬೊಬ್ಬರಿಗೂ ತಿದ್ದುವ ವ್ಯವಧಾನ ಎಷ್ಟು ಮಂದಿ ಗುರುಗಳಿಗಿದೆ ಎಂಬುದೇ ಪ್ರಶ್ನೆ.

ಮೈಸೂರಿನ ಬಾನಿ

ರಾಜ್ಯದ ನಗರಗಳಲ್ಲಿ ಅತಿ ಹೆಚ್ಚು ಮಕ್ಕಳು ಕಲಿಯುವುದು ಭರತನಾಟ್ಯವನ್ನೇ. ಆದರೆ ಭರತನಾಟ್ಯವೆಂಬುದು ಒಂದೇ ಅಲ್ಲ. ಅಲರಿಪುವಿನಿಂದ ತಿಲ್ಲಾನದವರೆಗಿನ ಇಂದಿನ ಕಛೇರಿ ಕ್ರಮವನ್ನು ರೂಪಿಸಿದವರು 19ನೇ ಶತಮಾನದ ತಂಜಾವೂರು ಸೋದರರು. ಆ ನಾಲ್ವರಲ್ಲಿ ಹಿರಿಯರಾದ ಚಿನ್ನಯ್ಯ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದರು. ಅರಮನೆಯ ಆಶ್ರಯದಲ್ಲಿ ಬೆಳೆದ ಮೈಸೂರು ಶೈಲಿ ಅಭಿನಯಕ್ಕೆ ಹೆಸರಾಯಿತು. ದೇವಾಲಯಗಳಲ್ಲಿನ ದೇವದಾಸಿ ಸೇವೆಯನ್ನು 1909ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿತು. ಆದರೂ ಜಟ್ಟಿ ತಾಯಮ್ಮನವರಿಂದ ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರಿಗೆ ಈ ಪರಂಪರೆ ಹರಿದು ಬಂತು. 1992ರಲ್ಲಿ ಪದ್ಮಭೂಷಣ ಪಡೆದ ವೆಂಕಟಲಕ್ಷಮ್ಮ 2002ರಲ್ಲಿ ನಿಧನರಾದರು. ಇತ್ತ ಬೆಂಗಳೂರಿನಲ್ಲಿ ಯು.ಎಸ್. ಕೃಷ್ಣರಾವ್ ಮತ್ತು ಚಂದ್ರಭಾಗಾದೇವಿ ದಂಪತಿ ಪಂದನಲ್ಲೂರು ಬಾನಿಯನ್ನು ಬೆಳೆಸಿದರು. ಅದಕ್ಕೆ ಚೆನ್ನೈನ ಕಲಾಕ್ಷೇತ್ರದ ಪದ್ಧತಿಯೂ ಸೇರಿಕೊಂಡಿತು. ಮನೆಯಂಗಳದಲ್ಲಿಯೇ ಹುಟ್ಟಿದ ಮೈಸೂರು ಬಾನಿ ಮಕ್ಕಳ ತರಗತಿಗಳಲ್ಲಿ ಅಪರೂಪವಾಗಿರುವುದು ವಿಪರ್ಯಾಸವೇ ಸರಿ. ಗುರುವನ್ನು 'ನಿಮ್ಮದು ಯಾವ ಬಾನಿ?' ಎಂದು ಕೇಳುವುದು ಉದ್ಧಟತನವಲ್ಲ. ಬಲ್ಲ ಗುರುಗಳು ಅದನ್ನು ಸಂತೋಷದಿಂದಲೇ ವಿವರಿಸುತ್ತಾರೆ.

ಉಳಿದವುಗಳ ಕತೆ

ಆಂಧ್ರದ ಕೃಷ್ಣಾ ಜಿಲ್ಲೆಯ ಹಳ್ಳಿಯೊಂದರ ಹೆಸರನ್ನೇ ಹೊತ್ತ ಕೂಚಿಪುಡಿ ಮೂಲತಃ ಪುರುಷರೇ ಸ್ತ್ರೀವೇಷ ಕಟ್ಟಿ ಆಡುತ್ತಿದ್ದ ನೃತ್ಯನಾಟಕ. ಚುರುಕು ನಡೆ, ಮಾತು, ನಾಟಕೀಯತೆ ಅದರ ಜೀವಾಳ. ಹಿತ್ತಾಳೆ ತಟ್ಟೆಯ ಅಂಚಿನ ಮೇಲೆ ನಿಂತು ಕುಣಿಯುವ 'ತರಂಗ'ವನ್ನು ಕಂಡು ಆಸೆಪಟ್ಟು ಸೇರುವ ಮಕ್ಕಳು, ಆ ತಟ್ಟೆ ತಮ್ಮ ಕಾಲಡಿಗೆ ಬರಲು ವರ್ಷಗಳು ಬೇಕೆಂದು ಆಮೇಲೆ ತಿಳಿಯುತ್ತಾರೆ. ಕಥಕ್ ಕಲೆಗೆ ಬೆಂಗಳೂರಿನಲ್ಲಿ ಗಟ್ಟಿ ನೆಲೆ ಒದಗಿಸಿದವರು ಮಲ್ಲೇಶ್ವರದ ಮಾಯಾ ರಾವ್. ಒಡಿಸ್ಸಿಗೆ, ಪ್ರೊತಿಮಾ ಬೇಡಿ 1990ರಲ್ಲಿ ಹೆಸರಘಟ್ಟದಲ್ಲಿ ಕಟ್ಟಿದ ನೃತ್ಯಗ್ರಾಮವಿದೆ.

ಫಲಕಗಳಲ್ಲಿ ಹೆಚ್ಚಾಗಿ ಕಾಣದ ಹೆಸರು ಯಕ್ಷಗಾನದ್ದು. ಕರಾವಳಿಯಲ್ಲಿ ಪರಿಸ್ಥಿತಿ ಬೇರೆ. ಸಾಲಿಗ್ರಾಮದ ಮಕ್ಕಳ ಮೇಳ 1970ರ ದಶಕದಿಂದಲೂ ಎಳೆಯರಿಂದಲೇ ಪ್ರಸಂಗಗಳನ್ನು ಆಡಿಸಿದೆ. ಉಡುಪಿ ಭಾಗದ ಪ್ರೌಢಶಾಲೆಗಳಲ್ಲಿಯೂ ಹೆಜ್ಜೆ ಕಲಿಸಲಾಗುತ್ತಿದೆ. ಇಲ್ಲಿ ಮಗು ಕುಣಿತದ ಜೊತೆಗೆ ಅರ್ಥಗಾರಿಕೆಯನ್ನೂ ಕಲಿಯುತ್ತದೆ. ಸಭೆಯಲ್ಲಿ ನಿಂತು ತಡವರಿಸದೆ ಕನ್ನಡ ಮಾತನಾಡುವ ಅಭ್ಯಾಸ ಇಷ್ಟು ಚೆನ್ನಾಗಿ ಬೇರೆಲ್ಲಿ ಸಿಕ್ಕೀತು?

ಟಿ.ವಿ. ಸ್ಪರ್ಧೆಗಳು ಜನಪ್ರಿಯಗೊಳಿಸಿದ ಹಿಪ್‌ಹಾಪ್, ಕಂಟೆಂಪರರಿ ತರಗತಿಗಳಿಗೂ ಈಗ ಬೇಡಿಕೆಯಿದೆ. ಹಿಪ್‌ಹಾಪ್ 1970ರ ದಶಕದಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಹುಟ್ಟಿದ್ದು. ಅದಕ್ಕೂ ಅದರದೇ ವ್ಯಾಕರಣವಿದೆ. ಆದರೆ 'ಪಾಶ್ಚಾತ್ಯ' ಎಂಬ ಹೆಸರಿನಲ್ಲಿ ಅನೇಕ ಕಡೆ ಕಲಿಸುವುದು ವಾರ್ಷಿಕೋತ್ಸವಕ್ಕೆ ಬೇಕಾದ ಒಂದು ಸಿನಿಮಾ ಹಾಡನ್ನು ಮಾತ್ರ. ಮಗು ಬೆವರಿ, ನಕ್ಕು, ಗೆಳೆಯರನ್ನು ಸಂಪಾದಿಸಿ ಬಂದರೆ ಸಾಕೆನ್ನುವವರಿಗೆ ಅದೂ ನಷ್ಟವಲ್ಲ.

ಪರೀಕ್ಷೆ, ರಂಗಪ್ರವೇಶ

ಭರತನಾಟ್ಯ ಕಲಿಯುವವರ ಮುಂದೆ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಮೆಟ್ಟಿಲುಗಳಿವೆ. ಕಥಕ್ ವಿದ್ಯಾರ್ಥಿಗಳಲ್ಲಿ ಹಲವರು ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳನ್ನು ಬರೆಯುತ್ತಾರೆ. ಪರೀಕ್ಷೆಯ ಆತುರದಲ್ಲಿ ಅಡವುಗಳು ಅರೆಬೆಂದೇ ಉಳಿಯುತ್ತವೆ ಎಂಬ ಆಕ್ಷೇಪ ಇದ್ದೇ ಇದೆ. ಇನ್ನು ರಂಗಪ್ರವೇಶದ ಮಾತು. ಸಭಾಂಗಣ, ನಟ್ಟುವಾಂಗ, ಗಾಯನ, ಮೃದಂಗ, ಕೊಳಲು, ರೇಷ್ಮೆ ಉಡುಪು, ಆಹ್ವಾನ ಪತ್ರಿಕೆ, ಬಂದವರಿಗೆ ಊಟ ಎಂದು ಲೆಕ್ಕ ಲಕ್ಷಗಳನ್ನು ಮುಟ್ಟುತ್ತದೆ. ಮಧ್ಯಮ ವರ್ಗದ ಮನೆಗೆ ಅದು ಸಣ್ಣ ಮದುವೆಯ ಖರ್ಚು. ರಂಗಪ್ರವೇಶ ಕಡ್ಡಾಯವೇ, ಯಾವ ಹಂತದಲ್ಲಿ, ಯಾರ ಖರ್ಚಿನಲ್ಲಿ ಎಂಬುದನ್ನು ಸೇರುವಾಗಲೇ ಕೇಳಿಕೊಂಡರೆ ಹತ್ತು ವರ್ಷಗಳ ನಂತರ ಮುಜುಗರ ತಪ್ಪುತ್ತದೆ.

ಶುಲ್ಕ ಕಟ್ಟುವ ಮೊದಲು ಒಂದು ಸಂಜೆ ತರಗತಿಯಲ್ಲಿ ಸುಮ್ಮನೆ ಕುಳಿತು ನೋಡಬಹುದು. ಒಬ್ಬರೇ ಗುರು ನಾಲ್ಕು ಶಾಸ್ತ್ರೀಯ ಶೈಲಿಗಳನ್ನು ಕಲಿಸುತ್ತಿದ್ದರೆ ತುಸು ಯೋಚಿಸಬೇಕು. ದೊಡ್ಡ ಮಕ್ಕಳ ಮಂಡಿ ಎತ್ತ ನೋಡುತ್ತಿದೆ ಎಂದು ಗಮನಿಸಬೇಕು. ನೆಲವನ್ನೂ ನೋಡಬೇಕು: ಗ್ರಾನೈಟ್ ಅಥವಾ ಸಿಮೆಂಟಿನ ಮೇಲೆ ದಿನವೂ ಬಡಿಯುವ ಎಳೆಯ ಪಾದಗಳಿಗೆ ಆ ಪೆಟ್ಟು ಪೂರ್ತಿಯಾಗಿ ಮರಳುತ್ತದೆ. ಮರದ ಹಾಸು ಇರುವ ಶಾಲೆ ಎರಡು ಬಸ್ ನಿಲ್ದಾಣ ದೂರವಿದ್ದರೂ ಹೋಗಬಹುದು.