ಮನೆಯಲ್ಲಿ ಪೆಟ್ಟು ತಿಂದ ತಾಯಂದಿರಿಗೆ ಕಾನೂನಿನ ನೆರವು



ಕೈ ಮುರಿದು, ಹಣೆ ಒಡೆದು ಆಸ್ಪತ್ರೆಗೆ ಬರುವ ತಾಯಂದಿರಲ್ಲಿ ಹಲವರು "ಬಚ್ಚಲದಾಗ ಜಾರಿ ಬಿದ್ದೆ" ಎನ್ನುತ್ತಾರೆ. ಪಕ್ಕದಲ್ಲಿ ಗಂಡನೋ ಅತ್ತೆಯೋ ನಿಂತಿರುವಾಗ ಬೇರೇನು ಹೇಳಿಯಾರು? ಆದರೆ ತಾವು ಹೇಳಿದ್ದನ್ನೇ ವೈದ್ಯರು ಚೀಟಿಯಲ್ಲಿ ಬರೆಯುತ್ತಾರೆ. ನಾಳೆ ನ್ಯಾಯಾಲಯದಲ್ಲಿ ಎದುರು ಪಕ್ಷದ ವಕೀಲರು ಅದನ್ನೇ ಎತ್ತಿ ತೋರಿಸಬಹುದು. ಆದ್ದರಿಂದ ವೈದ್ಯರ ಬಳಿ ಒಬ್ಬರೇ ಮಾತನಾಡಬೇಕೆಂದು ಕೇಳಿರಿ. ಯಾರು, ಯಾವಾಗ, ಯಾತರಿಂದ ಹೊಡೆದರೆಂದು ಇದ್ದದ್ದನ್ನು ಇದ್ದಂತೆ ಹೇಳಿರಿ. ಬಸವಾದಿ ಶರಣರು ಹೆಣ್ಣನ್ನು ಕೀಳೆಂದು ಕಾಣಲಿಲ್ಲ. ಪೆಟ್ಟು ಸಹಿಸುವುದು ಯಾವ ಧರ್ಮವೂ ಅಲ್ಲ.

ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆ 2006ರ ಅಕ್ಟೋಬರ್ 26ರಿಂದ ನಡೆಯಲ್ಲಿದೆ. ಹೆಂಡತಿಗಷ್ಟೇ ಅಲ್ಲ, ಮನೆಯ ತಾಯಿ, ಅಕ್ಕತಂಗಿಯರಿಗೂ ಅದು ಅನ್ವಯಿಸುತ್ತದೆ. ಮನೆ ಅತ್ತೆಯ ಹೆಸರಿನಲ್ಲಿದ್ದರೂ ಸೊಸೆಗೆ ಅಲ್ಲಿ ವಾಸಿಸುವ ಹಕ್ಕಿದೆ. ಕೇಸು ಹಾಕಿದರೆ ಗಂಡ ಕೂಡಲೇ ಜೈಲಿಗೆ ಹೋಗುತ್ತಾನೆಂಬ ಹೆದರಿಕೆ ಬೇಡ. ಈ ಕಾಯ್ದೆಯಲ್ಲಿ ರಕ್ಷಣಾ ಆದೇಶವನ್ನು ಮೀರಿದರೆ ಮಾತ್ರ ಒಂದು ವರ್ಷದವರೆಗೆ ಸೆರೆವಾಸ. ಅರ್ಜಿ ಕೊಟ್ಟ ಮೂರು ದಿನಗಳೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನಗಳಲ್ಲಿ ತೀರ್ಮಾನವೆಂದು ಕಾಯ್ದೆ ಹೇಳುತ್ತದೆ. ತಡವಾಗುವುದೂ ಉಂಟು, ಅದಕ್ಕಾಗಿಯೇ ಮಧ್ಯಂತರ ಆದೇಶವನ್ನು ಮೊದಲೇ ಕೇಳಬೇಕು.

ವಕೀಲರಿಗೆ ಕೊಡಲು ಹಣವೆಲ್ಲಿ ಎನ್ನುವಿರಾ? 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ವಕೀಲರ ಸೇವೆ ಉಚಿತ. ಸಾಣಾಪುರದ ಸುತ್ತಲಿನವರು ಗಂಗಾವತಿಯ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು, ಇಲ್ಲವೇ 15100ಕ್ಕೆ ಫೋನ್ ಮಾಡಬಹುದು.

ಕಾನೂನು ವಿದ್ಯಾರ್ಥಿಗಳೂ ನೆರವಾಗುತ್ತಾರೆ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮದಂತೆ ಪ್ರತಿ ಕಾನೂನು ಕಾಲೇಜಿನಲ್ಲೂ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಕೊನೆಯ ವರ್ಷದವರು ನಡೆಸುವ ಕಾನೂನು ನೆರವು ಕೇಂದ್ರ ಇರಬೇಕು. ಅಮೆರಿಕದಲ್ಲಿ ಇಂಥ ವಿದ್ಯಾರ್ಥಿಗಳು ಹಿರಿಯ ವಕೀಲರೊಂದಿಗೆ ನಿಂತು ವಾದಿಸುವುದೂ ಉಂಟು. ನಮ್ಮಲ್ಲಿ ವಾದಿಸುವ ಅಧಿಕಾರ ವಕೀಲರದು. ವಿದ್ಯಾರ್ಥಿಗಳದು ಕೇಳಿ ಬರೆದುಕೊಳ್ಳುವ ಕೆಲಸ. ಅದೇನೂ ಸಣ್ಣದಲ್ಲ. ಹತ್ತು ವರ್ಷದ ಸಂಕಟವನ್ನು ಅಳುತ್ತ ಹೇಳುವಾಗ ತಾರೀಖುಗಳು ಹಿಂದುಮುಂದಾಗುತ್ತವೆ. ಆಗ ಜಾತ್ರೆ ಕಳೆದಿತ್ತೇ, ಭತ್ತದ ನಾಟಿ ಮುಗಿದಿತ್ತೇ, ಕೂಸು ಎಷ್ಟು ತಿಂಗಳದಿತ್ತು ಎಂದು ಸಮಾಧಾನದಿಂದ ಕೇಳಿ, ಆಸ್ಪತ್ರೆಯ ಚೀಟಿಯೊಂದಿಗೆ ತಾಳೆ ನೋಡಿ ಬರೆಯಬೇಕು. ದಿನಕ್ಕೆ ಹತ್ತು ಕೇಸು ನೋಡುವ ವಕೀಲರಿಗೆ ಅಷ್ಟು ಪುರುಸೊತ್ತು ಎಲ್ಲಿಯದು?

ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಈ ಕಾಯ್ದೆಯ ಸಂರಕ್ಷಣಾಧಿಕಾರಿಗಳು. ಅವರ ಕಚೇರಿ ಎಲ್ಲಿದೆಯೆಂದು ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿರಿ. ಜೀವಕ್ಕೆ ಅಪಾಯವಿದ್ದರೆ 112, ಮಹಿಳಾ ಸಹಾಯವಾಣಿ 181. ತವರಿನಿಂದ ಜೊತೆಗೆ ಬಂದವರು ಚೀಟಿ, ಎಕ್ಸ್‌ರೇಗಳನ್ನು ಗಂಡನ ಮನೆಗೆ ಕಳಿಸದೆ ತಮ್ಮ ಬಳಿಯೇ ಜೋಪಾನವಾಗಿ ಇಟ್ಟುಕೊಳ್ಳಿರಿ.